ಸ್ಟೋರ್ ಕೀಪರನ ಮನೆ ಸ್ಟಾಕು

ನಮ್ಮ ಮನೆಯ ಸಾರಿನ ಗಟ್ಟಿತನ ನೋಡಿ ಅಂದಿನ ತಾರೀಖು ಹೇಳಬಹುದು. ಹೆಂಡತಿಯ ಗಾರ್ಮೆಂಟ್ಸಿನಲ್ಲಿ ಸಂಬಳ ಆಗುವುದು 7ರ ಮೇಲೆ. ನನ್ನದು 10ಕ್ಕೆ, ಅದೂ ನಮ್ಮ ಮಾಲೀಕರ ಬಿಲ್ಲು ಎಲ್ಲಾದರೂ ಪಾಸಾಗಿದ್ದರೆ. ಹಾಗಾಗಿ 10ರಿಂದ 15ರವರೆಗೆ ತೊಗರಿಬೇಳೆ ಹುಳಿ. ಸೌಟು ನಿಲ್ಲಿಸಿದರೆ ನಿಂತೇ ಇರುತ್ತದೆ. 20ರ ಹೊತ್ತಿಗೆ ಬೇಳೆಯನ್ನು ಹುಡುಕಿಕೊಂಡು ಸೌಟು ತಳಕ್ಕೆ ಹೋಗಬೇಕು. 25 ದಾಟಿದರೆ ಉಪ್ಸಾರು, ಬಸ್ಸಾರು, ಹುಣಸೆ ಗೊಜ್ಜು. 30ನೇ ತಾರೀಖು ತಟ್ಟೆಗೆ ಬೀಳುವ ಪದಾರ್ಥಕ್ಕೆ ಹೆಸರಿಲ್ಲ. ಬಿಸಿಯಾಗಿರುತ್ತದೆ, ಖಾರವಾಗಿರುತ್ತದೆ; ಅದಕ್ಕಿಂತ ಹೆಚ್ಚು ವಿಚಾರಿಸುವುದು ಮರ್ಯಾದಸ್ಥರ ಲಕ್ಷಣವಲ್ಲ. ನಮ್ಮ ಬೀದಿಯಲ್ಲಿ ಫೆಬ್ರವರಿ ತಿಂಗಳನ್ನು ಕಂಡರೆ ಎಲ್ಲರಿಗೂ ಪ್ರೀತಿ.

ನಾವಿರುವುದು ಬೆಂಗಳೂರಿನ ಲಗ್ಗೆರೆಯಲ್ಲಿ, ಎರಡನೇ ಮಹಡಿ. ಅಡುಗೆಮನೆಯೂ ಹಾಲ್ ಕೂಡ ಒಂದೇ. ನಡುವೆ ಹಳೇ ಸೀರೆ ಇಳಿಬಿಟ್ಟಾಗ ಎರಡಾಗುತ್ತವೆ. ಅಮ್ಮ, ನಾನು, ಹೆಂಡತಿ, ಮಗ, ಒಟ್ಟು ನಾಲ್ಕು ತಟ್ಟೆ. ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ಕೀಪರ್. ಯಾವ ಸೈಜಿನ ವಾಷರ್ ಯಾವ ರ‍್ಯಾಕಿನಲ್ಲಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. 8 ಎಂಎಂ ಬೋಲ್ಟು ಎಷ್ಟಕ್ಕೆ ಇಳಿದರೆ ಹೊಸ ಆರ್ಡರು ಹಾಕಬೇಕು ಎಂಬುದು ನನ್ನದೇ ಗುಂಡು ಅಕ್ಷರದಲ್ಲಿ ಕಾರ್ಡಿನ ಮೇಲಿದೆ. ಆಡಿಟ್‌ಗೆ ಬಂದವರು ನನ್ನ ರ‍್ಯಾಕುಗಳನ್ನು ನೋಡಿ ತಲೆದೂಗಿದ್ದಾರೆ. ಅಂಥ ನಾನು ಮನೆಯಲ್ಲಿ ಸಕ್ಕರೆ ಬೇಕಾದರೆ ಆರು ಡಬ್ಬದ ಮುಚ್ಚಳ ತೆಗೆಯಬೇಕು. ಬೂಸ್ಟ್ ಡಬ್ಬದಲ್ಲಿ ಹುಣಸೆಹಣ್ಣು, ಹಾರ್ಲಿಕ್ಸ್ ಬಾಟಲಿಯಲ್ಲಿ ಉದ್ದಿನಬೇಳೆ, ‘ಸಕ್ಕರೆ’ ಎಂದು ಬರೆದ ಸ್ಟೀಲ್ ಡಬ್ಬದಲ್ಲಿ ಸೂಜಿ, ದಾರ ಮತ್ತು ನನ್ನ ಹೆಂಡತಿ ನನಗೆ ಗೊತ್ತಿಲ್ಲವೆಂದು ಭಾವಿಸಿರುವ ಇನ್ನೂರು ರೂಪಾಯಿ.

ನಮ್ಮ ಬೀದಿಯ ಅನ್ನದಾತ ಮೂಲೆ ಅಂಗಡಿಯಣ್ಣ. ಅಂಗಡಿಗೊಂದು ಹೆಸರಿದೆ, ಬೋರ್ಡೂ ಇದೆ, ಆದರೆ ಶಾಂಪೂ, ಕಾಫಿಪುಡಿ, ರಸಂಪುಡಿ, ಉಪ್ಪಿನಕಾಯಿ ಸ್ಯಾಷೆಗಳ ಸರ ಇಳಿಬಿದ್ದು ಬೋರ್ಡಿರಲಿ, ಅಂಗಡಿಯಣ್ಣನ ಮುಖವೇ ಅರ್ಧ ಕಾಣುವುದಿಲ್ಲ. ಅಲ್ಲಿ ಕೆಜಿ ಲೆಕ್ಕದಲ್ಲಿ ಕೇಳುವವರು ಇಲ್ಲವೆಂದಲ್ಲ. ಮದುವೆ ಮನೆಯವರು ಕೇಳುತ್ತಾರೆ. ಮಿಕ್ಕವರದು ರೂಪಾಯಿ ಲೆಕ್ಕ. “ಅಣ್ಣಾ, ಹತ್ತು ರೂಪಾಯಿ ಬೆಲ್ಲ, ಐದು ರೂಪಾಯಿ ಸಾಸಿವೆ, ಇಪ್ಪತ್ತು ರೂಪಾಯಿ ಎಣ್ಣೆ.” ಅಂಗಡಿಯಣ್ಣ ಪೇಪರ್ ಹರಿದು, ಶಂಕು ಸುತ್ತಿ, ಸಾಸಿವೆ ಸುರಿದು, ಬಾಯಿ ಮಡಚಿ ಕೊಡುವ ಹೊತ್ತಿಗೆ ಪಕ್ಕದಲ್ಲಿ ನಿಂತ ಮೂವರಿಗೆ ನಮ್ಮ ಮನೆಯ ರಾತ್ರಿಯ ಅಡುಗೆ ಏನೆಂದು ಗೊತ್ತಾಗಿರುತ್ತದೆ.

ಎಣ್ಣೆ ತರುವುದು ಮಾತ್ರ ಸೂಕ್ಷ್ಮದ ಕೆಲಸ. ಬಿಡಿ ಎಣ್ಣೆ ಮಾರಬಾರದೆಂದು 2011ರಿಂದಲೇ ಆಹಾರ ಸುರಕ್ಷತೆಯ ನಿಯಮವಿದೆ. ಆದ್ದರಿಂದ ಎಣ್ಣೆ ಟಿನ್ನು ಅಂಗಡಿಯ ಹಿಂಬದಿಯಲ್ಲಿ, ಗೋಣಿಚೀಲದ ಮರೆಯಲ್ಲಿ ಇರುತ್ತದೆ. ಬಾಟಲಿ ನಾವೇ ಒಯ್ಯಬೇಕು. ನಮ್ಮ ಮನೆಯಲ್ಲಿ ಅಳತೆಗೆ ಸರಿಯಾಗಿ ಒದಗಿದ್ದು ಒಂದು ಕ್ವಾರ್ಟರ್ ಬಾಟಲಿ. ಅದು ಎಲ್ಲಿಂದ ಬಂತು ಎಂಬ ಚರ್ಚೆ ಇಲ್ಲಿ ಬೇಡ. ಸಂಜೆ ಏಳರ ಮಬ್ಬಿನಲ್ಲಿ ಅದನ್ನು ಲುಂಗಿಯ ಮಡಿಕೆಗೆ ಸಿಕ್ಕಿಸಿಕೊಂಡು ಸರಸರನೆ ನಡೆಯುವಾಗ ಎದುರಿಗೆ ಸಿಕ್ಕವರು “ಎಲ್ಲಿಗೆ ಹೋಗಿದ್ರಿ?” ಎನ್ನುತ್ತಾರೆ. “ಎಣ್ಣೆ ತರೋಕೆ” ಎಂದು ನಿಜವನ್ನೇ ಹೇಳುತ್ತೇನೆ. ಹೆಗಲು ತಟ್ಟಿ ಹೋಗುತ್ತಾರೆ.

ಅಂಗಡಿಯಲ್ಲಿ ನಮ್ಮ ಹೆಸರಿನದೊಂದು ಉದ್ದನೆಯ ಪುಸ್ತಕವಿದೆ. ಅದರ ಮೇಲುಗಡೆಯೇ ‘ಇಂದು ನಗದು, ನಾಳೆ ಸಾಲ’ ಎಂಬ ಫಲಕ; ಪುಸ್ತಕ ತೆಗೆಯುವಾಗ ಅಂಗಡಿಯಣ್ಣನ ತಲೆ ದಿನಾ ಅದಕ್ಕೆ ತಗಲುತ್ತದೆ. ಸಾಲ ತರುವುದು ಒಂದು ಕಲೆ. 20ನೇ ತಾರೀಖಿನವರೆಗೆ ಹೆಂಡತಿಯೇ ಹೋಗುತ್ತಾಳೆ. ಪುಸ್ತಕ ಉದ್ದವಾದ ಮೇಲೆ ಮಗನನ್ನು ಕಳಿಸುತ್ತಾಳೆ, ಮಕ್ಕಳ ಮುಖಕ್ಕೆ ಇಲ್ಲವೆನ್ನಲು ಯಾರಿಗೂ ಮನಸ್ಸು ಬರುವುದಿಲ್ಲವೆಂದು. ಮಗನಿಗೂ “ಅಪ್ಪನಿಗೆ ಬರೋಕೆ ಹೇಳು” ಎಂದು ಉತ್ತರ ಬಂದ ದಿನ ನನ್ನ ಸರದಿ. ನಾನು ಹೋಗಿ ಸಾಲದ ವಿಷಯ ಎತ್ತದೆ ಮಳೆ, ಮೆಟ್ರೋ, ಕ್ರಿಕೆಟ್ಟು ಎಲ್ಲ ಮಾತಾಡಿ, ಕೊನೆಗೆ ಕೈಯಲ್ಲಿದ್ದ ಐವತ್ತು ರೂಪಾಯಿಗೆ ಬಿಸ್ಕತ್ತು ಕೊಂಡು ವಾಪಸು ಬರುತ್ತೇನೆ. ಅಮ್ಮ ಇದನ್ನು ನನ್ನ ಅಪ್ಪನಿಂದ ಬಂದ ಗುಣ ಎನ್ನುತ್ತಾಳೆ.

ಮೊದಲೆಲ್ಲ ನಮ್ಮ ಬಡತನಕ್ಕೆ ಒಂದು ಗುಟ್ಟಾದರೂ ಇತ್ತು. ಈಗ ಗಲ್ಲಾಪೆಟ್ಟಿಗೆಯ ಪಕ್ಕ ಮಾತಾಡುವ ಪೆಟ್ಟಿಗೆ ಬಂದಿದೆ. ನಾನು ಫೋನು ತೋರಿಸಿ ದುಡ್ಡು ಹಾಕಿದ ತಕ್ಷಣ ಅದು ಹೆಣ್ಣುದನಿಯಲ್ಲಿ, ಬೀದಿಯ ಆ ತುದಿಗೂ ಕೇಳುವ ಹಾಗೆ, “ಏಳು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಸಾರುತ್ತದೆ. ಇಸ್ತ್ರಿ ಅಂಗಡಿಯವನು ತಲೆಯೆತ್ತಿ ನೋಡುತ್ತಾನೆ. ಏಳು ರೂಪಾಯಿಗೆ ಏನು ಬರುತ್ತದೆಂದು ಯೋಚಿಸುತ್ತಾನೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ನೋಡಿ ಊರ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದರಲ್ಲ, ಆಗ ನಮ್ಮ ಕಡೆಯ ಅಂಗಡಿಗಳಲ್ಲೆಲ್ಲ ಕ್ಯೂಆರ್ ಕೋಡಿನ ಚೀಟಿ ಮಾಯವಾಗಿ ‘ನಗದು ಮಾತ್ರ’ ಎಂಬ ರಟ್ಟು ನೇತಾಡಿತು. ನೋಟಿಸು ಬಂದದ್ದು ವರ್ಷಕ್ಕೆ 40 ಲಕ್ಷ ದಾಟಿದ ವಹಿವಾಟಿಗೆ. ಅಂಗಡಿಯಣ್ಣನಿಗೆ ಬಂದಿರಲಿಲ್ಲ, ಆದರೂ ಪೆಟ್ಟಿಗೆಯ ಬಾಯಿ ಮುಚ್ಚಿಸಿಬಿಟ್ಟ. ಎಲ್ಲರೂ ಕಷ್ಟ ಅಂದರು. ನಾನು ಮಾತ್ರ ಆ ದಿನಗಳಲ್ಲಿ ಚಿಲ್ಲರೆ ಎಣಿಸಿ ಕೊಟ್ಟು, ಎದೆಯುಬ್ಬಿಸಿ ಕೊತ್ತಂಬರಿ ತಂದೆ.

ಇರಲಿ, ಲೆಕ್ಕಕ್ಕೆ ಬರೋಣ. ಸ್ಟೋರ್ ಕೀಪರ್ ಆದವನಿಗೆ ಈ ಬಿಡಿ ವ್ಯಾಪಾರ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂದು ರಾತ್ರಿ ಮಗನ ರಫ್ ನೋಟಿನ ಹಾಳೆ ಹರಿದು ಲೆಕ್ಕ ಹಾಕಿದೆ. ತೊಗರಿಬೇಳೆ 100 ಗ್ರಾಂ 15 ರೂಪಾಯಿ. ಹಾಗಾದರೆ ಕೆಜಿಗೆ 150 ಆಯಿತು. ದೊಡ್ಡ ಅಂಗಡಿಯಲ್ಲಿ ಕೆಜಿ 120ಕ್ಕೆ ಸಿಗುತ್ತದೆ. ಎಣ್ಣೆಯಲ್ಲಿ ಇಷ್ಟು, ಸಕ್ಕರೆಯಲ್ಲಿ ಇಷ್ಟು, ಕಾಫಿಪುಡಿ ಸ್ಯಾಷೆಯಲ್ಲಿ ಹೇಳಲು ನಾಚಿಕೆಯಾಗುವಷ್ಟು. ಅಡಿಗೆರೆ ಎಳೆದು ಮೊತ್ತ ತೋರಿಸಿ, “ನೋಡು, ಬಡವರು ಬಡವರಾಗಿರೋದಕ್ಕೆ ಎಷ್ಟು ಖರ್ಚು ಮಾಡ್ತಾ ಇದೀವಿ” ಎಂದೆ. ಇಂಥ ಮಾತು ವರ್ಕ್‌ಶಾಪಿನಲ್ಲಿ ಹೇಳಿದ್ದರೆ ಯಾರಾದರೂ ಟೀ ಕೊಡಿಸುತ್ತಿದ್ದರು.

ಅವಳು ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

“ರೀ, ಕೆಜಿ ಬೇಳೆ ತರೋಕೆ 120 ರೂಪಾಯಿ ಒಟ್ಟಿಗೆ ಬೇಕು ತಾನೆ?”

“ಬೇಕು.”

“ಇವತ್ತು 24. ಇದೆಯಾ?”

“ಇಲ್ಲ.”

“ಅಂಗಡಿಯಣ್ಣ 26ನೇ ತಾರೀಖು ಪುಸ್ತಕದಲ್ಲಿ ಬರಕೊಂಡು ಬೇಳೆ ಕೊಡ್ತಾನೆ. ನಿಮ್ಮ ದೊಡ್ಡ ಅಂಗಡಿಯೋರು ಕೊಡ್ತಾರಾ?”

ನಾನು ಹಾಳೆಯನ್ನು ನೋಡಿದೆ. ಅದರಲ್ಲಿ ತಾರೀಖಿನ ಕಾಲಂ ಇರಲಿಲ್ಲ.

“ಇನ್ನೊಂದು” ಎಂದಳು. “ನೂರು ಗ್ರಾಂ ತಂದರೆ ಒಂದು ಹೊತ್ತಿಗೆ ನೂರೇ ಗ್ರಾಂ ಬೇಯುತ್ತೆ. ಕೆಜಿ ತಂದು ಡಬ್ಬ ತುಂಬಿಸಿದರೆ ನನ್ನ ಕೈ ದೊಡ್ಡದಾಗುತ್ತೆ. ನಿಮ್ಮ ನಾಲಗೆ ಅದಕ್ಕಿಂತ ದೊಡ್ಡದಾಗುತ್ತೆ. ಐದು ಲೀಟರ್ ಎಣ್ಣೆ ಮನೇಲಿ ಇದೆ ಅಂತ ಗೊತ್ತಾದ್ರೆ ಮಳೆ ಬಂದಾಗೆಲ್ಲ ಬೋಂಡ ಕೇಳ್ತೀರಿ. ಕೇಳಲ್ವಾ?”

ಈ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಹೊರಗೆ ಮಳೆ ಬರುತ್ತಿತ್ತು.

ಕೆಜಿ ಲೆಕ್ಕದವರು, ಅಂದರೆ ಟೀವಿಯಲ್ಲಿ ಕೂತು ಉಳಿತಾಯದ ಪಾಠ ಹೇಳುವವರು, ಈ ನಾಲಗೆಯ ಖರ್ಚನ್ನು ಎಲ್ಲೂ ಹಿಡಿಯುವುದಿಲ್ಲ. ತುಂಬಿದ ಡಬ್ಬ ಎಷ್ಟು ದುಬಾರಿ ಎಂಬುದು ಡಬ್ಬ ಖಾಲಿಯಾಗುವುದನ್ನು ದಿನಾ ನೋಡುವವರಿಗೇ ಗೊತ್ತು. ಆದರೆ ಗೊತ್ತಿದ್ದರೇನು, ನನ್ನೊಳಗಿನ ಸ್ಟೋರ್ ಕೀಪರ್ ಸುಮ್ಮನಾಗಲಿಲ್ಲ. ಆಯುಧಪೂಜೆಗೆ ಮಾಲೀಕರು ಬೂದುಗುಂಬಳ ಒಡೆಸಿ, ಪುರಿ ಹಂಚಿ, ಬೋನಸ್ಸಿನ ಕವರು ಕೈಗಿತ್ತರು. ನಾನು ಮನೆಗೆ ಫೋನು ಮಾಡದೆ ಸೀದಾ ಅಕ್ಕಿ ಮಂಡಿಗೆ ಹೋಗಿ ಒಂದು ಮೂಟೆ ಸೋನಾಮಸೂರಿ ತಂದೆ. 26 ಕೆಜಿ.

26 ಯಾಕೆ ಎಂದು ಕೇಳಿ. ನಾನೂ ಕೇಳಿದೆ. 2022ರ ಜುಲೈನಲ್ಲಿ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿಗೆ ಶೇಕಡ 5 ಜಿಎಸ್‌ಟಿ ಬಂತು. 25 ದಾಟಿದರೆ ತೆರಿಗೆಯಿಲ್ಲ. ಮಿಲ್ಲಿನವರು ಒಂದು ಕೆಜಿ ಸೇರಿಸಿ 26ರ ಚೀಲ ಹೊಲಿಸಿಬಿಟ್ಟರು. ಆ ಒಂದು ಕೆಜಿ ಸರ್ಕಾರಕ್ಕೂ ಮಿಲ್ಲಿಗೂ ನಡುವಿನ ವ್ಯವಹಾರ. ಎರಡು ಮಹಡಿ ಹೊತ್ತದ್ದು ನನ್ನ ಬೆನ್ನು. ಅಂಗಡಿಯಣ್ಣನ ಬಿಡಿ ಅಕ್ಕಿಗೂ ತೆರಿಗೆಯಿಲ್ಲ ಎಂಬುದು ಮೇಲೆ ಹೋಗಿ ಕೂತ ಮೇಲೆ ನೆನಪಾಯಿತು.

ನಮ್ಮ ಕಟ್ಟಡದ ಮೆಟ್ಟಿಲು ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಲಾಗದಷ್ಟು ಕಿರಿದು. ಮೂಟೆ ಹೊತ್ತು ನಾನು ಹತ್ತುವಾಗ ಎಲ್ಲ ಮನೆಯವರೂ ಬಾಗಿಲಿಗೆ ಬಂದು ದಾರಿ ಬಿಟ್ಟು ನಿಂತರು. ಮೆರವಣಿಗೆಯಲ್ಲಿ ಉತ್ಸವಮೂರ್ತಿಗೂ ಅಷ್ಟು ಗಮನ ಸಿಗುವುದಿಲ್ಲ. ಮೂಟೆ ಒಳಗಿಟ್ಟ ಮೇಲೆ ನಮ್ಮ ಮನೆಯಲ್ಲಿ ನಾಲ್ವರು ಮಲಗುವ ಜಾಗ ಮೂವರದಾಯಿತು. ಮಗನಿಗೆ ಖುಷಿಯೋ ಖುಷಿ. ಅದಕ್ಕೊರಗಿ ಹೋಂವರ್ಕ್ ಬರೆದ. ನಾನು ಒಂದು ರಟ್ಟು ಕತ್ತರಿಸಿ, ಗೆರೆ ಹೊಡೆದು, ‘ತಾರೀಖು, ಬಂದದ್ದು, ಹೋದದ್ದು, ಉಳಿದದ್ದು’ ಎಂದು ಬರೆದು ಮೂಟೆಗೆ ಕಟ್ಟಿದೆ. ಪೆನ್ಸಿಲನ್ನೂ ದಾರದಲ್ಲಿ ನೇತುಹಾಕಿದೆ. ಹೆಂಡತಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗ ಜಾಗ್ರತೆಯಾಗಿರಬೇಕು ಎಂಬುದು ಮದುವೆಯಾದವರಿಗೆಲ್ಲ ಗೊತ್ತು.

ಮಾರನೇ ಬೆಳಿಗ್ಗೆ ಪಕ್ಕದ ಮನೆ ಅಕ್ಕ ಬಂದರು. “ಒಂದ್ ಪಾವು ಅಕ್ಕಿ ಇದ್ರೆ ಕೊಡವ್ವ, ನಮ್ಮನೆಯೋರ ಸಂಬಳ ಇನ್ನೂ ಆಗಿಲ್ಲ.” ಅಮ್ಮ ಧಾರಾಳವಾಗಿ ಅಳೆದಳು. ಆಮೇಲೆ ಕೆಳಗಿನ ಮನೆ. ಆಮೇಲೆ ಊರಿಂದ ನೆಂಟರು ಬಂದ ಎದುರು ಮನೆ. ಇಲ್ಲವೆನ್ನುವಂತಿಲ್ಲ, ಮೂಟೆಯನ್ನು ಇಡೀ ಕಟ್ಟಡವೇ ನೋಡಿದೆ, ಹಿಂದೆ ನಾವೂ ಅವರ ಮನೆಗಳಿಂದ ಪಾವು ಪಾವು ತಂದವರೇ. ಇದ್ದಾಗ ಕೊಟ್ಟು ಇಲ್ಲದಾಗ ಇಸಕೊಳ್ಳುವುದು ನಮ್ಮಲ್ಲಿ ಫ್ರಿಜ್ಜು, ಬ್ಯಾಂಕು, ಇನ್ಶೂರೆನ್ಸು ಎಲ್ಲವೂ. ಆದರೆ ಮೂಟೆಯ ಮಾಲೀಕನಿಗೆ ಅದರ ಪ್ರೀಮಿಯಂ ಸ್ವಲ್ಪ ಜಾಸ್ತಿ ಬೀಳುತ್ತದೆ. ಒಂದು ವಾರ ಕಳೆದು ನನ್ನ ರಟ್ಟು ನೋಡಿದೆ. ಹೆಂಡತಿ ಶಿಸ್ತಾಗಿ ತುಂಬಿದ್ದಳು: ಪಕ್ಕದ ಮನೆ 2 ಪಾವು, ಕೆಳಗಿನ ಮನೆ 3 ಪಾವು, ಎದುರು ಮನೆ 1 ಸೇರು, ಇಲಿ ಅಂದಾಜು 1 ಪಾವು. ‘ಉಳಿದದ್ದು’ ಎಂಬಲ್ಲಿ ‘ನೀವೇ ನೋಡಿಕೊಳ್ಳಿ’ ಎಂದಿತ್ತು.

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆ ತಿಂಗಳ ಕೊನೆಗೆ ಸಕ್ಕರೆಗೆ ಹೋದರೆ ಅಂಗಡಿಯಣ್ಣ ಪುಸ್ತಕದ ಕಡೆ ಕೈಯನ್ನೇ ಚಾಚಲಿಲ್ಲ. ಸ್ಯಾಷೆಗಳ ಸರದ ಮರೆಯಿಂದ, “ಮೂಟೆಗಟ್ಟಲೆ ಹೊರಗಡೆ ತರ್ತೀರಂತೆ ಸಾರ್, ನಮ್ಮಂಥ ಸಣ್ಣ ಅಂಗಡಿ ನಿಮಗ್ಯಾಕೆ? ಕ್ಯಾಶ್ ಕೊಡಿ” ಎಂದ. ಅವನು ನನ್ನನ್ನು ಅದುವರೆಗೂ ‘ಅಣ್ಣಾ’ ಅನ್ನುತ್ತಿದ್ದ. ‘ಸಾರ್’ ಎಂಬ ಪದವಿ ಸಿಕ್ಕಿದ ದಿನವೇ ಸಾಲ ನಿಂತಿತು. ಹೆಂಡತಿ ಹೋಗಿ, “ಅಯ್ಯೋ ಬಿಡಣ್ಣ, ಇವರ ಬುದ್ಧಿ ನಿನಗೆ ಗೊತ್ತಿಲ್ವಾ” ಎಂಬ ಒಂದೇ ಮಾತಿನಲ್ಲಿ ಖಾತೆ ಮತ್ತೆ ತೆರೆಸಿದಳು. ನನ್ನ ಬುದ್ಧಿಗೆ ಮಾರುಕಟ್ಟೆಯಲ್ಲಿ ಇಂಥದೊಂದು ಬೆಲೆಯಿದೆ ಎಂದು ನನಗೆ ತಿಳಿದಿರಲಿಲ್ಲ.

ನ್ಯಾಯಬೆಲೆ ಅಂಗಡಿಯಲ್ಲಂತೂ ನನಗೆ ಯಾವ ಬೆಲೆಯೂ ಇಲ್ಲ, ಅದು ಕಾನೂನಿನ ಪ್ರಕಾರವೇ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ರೇಷನ್ ಕಾರ್ಡಿನ ಮಟ್ಟಿಗೆ ಮನೆಯ ಯಜಮಾನಿ ಎಂದರೆ 18 ತುಂಬಿದ ಹೆಣ್ಣುಮಕ್ಕಳಲ್ಲಿ ಹಿರಿಯರು. ನಮ್ಮ ಕಾರ್ಡಿನಲ್ಲಿ ಅಮ್ಮ ಯಜಮಾನಿ, ನಾನು ‘ಮಗ’, ಹೆಂಡತಿ ‘ಸೊಸೆ’. 2023ರ ಜುಲೈನಿಂದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಬಂದಾಗಲೂ ಅದು ಬಿದ್ದದ್ದು ಅಮ್ಮನ ಖಾತೆಗೆ. ಅತ್ತೆ ಸೊಸೆ ಇಬ್ಬರೂ ಪಿಸುಪಿಸು ಮಾತಾಡಿಕೊಂಡು ನಗುವುದನ್ನು ನಾನು ಆ ಕಾಲದಲ್ಲೇ ಮೊದಲು ಕಂಡದ್ದು. 2025ರಲ್ಲಿ ದುಡ್ಡು ಹೋಗಿ ಮತ್ತೆ ಅಕ್ಕಿಯೇ ಬಂತು. ನಗು ಸ್ವಲ್ಪ ಕಡಿಮೆಯಾಯಿತು.

ಅಲ್ಲಿ ಬೆರಳು ಕೊಡಬೇಕು. ಅಮ್ಮನ ಬೆರಳು ಜೀವಮಾನವೆಲ್ಲ ಪಾತ್ರೆ ತಿಕ್ಕಿ ನುಣ್ಣಗಾಗಿದೆ, ಮೆಷಿನ್ನಿಗೆ ಹತ್ತುವುದಿಲ್ಲ. ಹೆಂಡತಿ ರಜೆ ಹಾಕಿದರೆ ಅರ್ಧ ದಿನದ ಸಂಬಳ ಖೋತಾ. ಹೀಗಾಗಿ ಒಮ್ಮೆ ನನ್ನನ್ನು ಅಟ್ಟಿದರು. ಕ್ಯೂನಲ್ಲಿ ಚೀಲಗಳನ್ನು ಇಟ್ಟು ಹೆಂಗಸರು ನೆರಳಲ್ಲಿ ಕೂತಿದ್ದರು. ಚೀಲದ ಜಾಗ ಚೀಲಕ್ಕೇ ಸಲ್ಲುತ್ತದೆ. ನಾನು ಇದು ತಿಳಿಯದೆ ಖುದ್ದಾಗಿ ಬಿಸಿಲಲ್ಲಿ ನಿಂತೆ, ಮುಂದೆ ಹಳದಿ ಚೀಲ, ಹಿಂದೆ ಸಿಮೆಂಟು ಚೀಲ. ಸರದಿ ಬಂದಾಗ ಹೆಬ್ಬೆರಳು ಇಟ್ಟೆ. ಕೆಂಪು ದೀಪ. ತೋರುಬೆರಳು ಇಟ್ಟೆ. ಕೆಂಪು. ಕಟಿಂಗ್ ಆಯಿಲು, ಕಬ್ಬಿಣದ ಚೂರು ಹಿಡಿದು ಹಿಡಿದು ನನ್ನ ಬೆರಳ ಗೆರೆಗಳೂ ಅಮ್ಮನ ದಾರಿ ಹಿಡಿದಿದ್ದವು. ಅಂಗಡಿಯವರು ಒದ್ದೆಬಟ್ಟೆ ಕೊಟ್ಟರು, ತಲೆಗೂದಲಿಗೆ ಬೆರಳು ಉಜ್ಜಿಕೊಳ್ಳಿ ಎಂದರು. ನನ್ನ ತಲೆ ನೋಡಿ ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡರು. ಹಿಂದಿನ ಅಜ್ಜಿಯೊಬ್ಬರು ತಮ್ಮ ಹರಳೆಣ್ಣೆ ತಲೆ ಮುಂದಕ್ಕೆ ಬಾಗಿಸಿ, “ಇಲ್ಲಿ ಉಜ್ಜಪ್ಪ” ಎಂದರು. ಹಸಿರು ದೀಪ ಹತ್ತಿತು. ನಾನು ನಾನೇ ಎಂದು ಸರ್ಕಾರಕ್ಕೆ ಮನವರಿಕೆಯಾದದ್ದು ಆ ತಾಯಿಯ ತಲೆಯಿಂದ.

ಸೊಸೈಟಿ ಅಕ್ಕಿ ನಮ್ಮಲ್ಲಿ ದೋಸೆಗೆ, ಇಡ್ಲಿಗೆ; ರಾಗಿ ಕೊಟ್ಟ ತಿಂಗಳು ಮುದ್ದೆಗೆ. ಅನ್ನಕ್ಕೆ ಬೇರೆ ಅಕ್ಕಿ. ತಿಂಗಳ ಕೊನೆಯಲ್ಲಿ ಈ ಭೇದವಿಲ್ಲ. ಎಲ್ಲ ಅಕ್ಕಿಯೂ ಒಂದೇ ಎಂಬ ಸಮಾನತೆ ಬರುತ್ತದೆ. ಅದೂ ಕಷ್ಟವೆನಿಸಿದ ಮಧ್ಯಾಹ್ನ ನನಗೆ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ಶುರುವಾದಾಗಿನಿಂದ ತಿಂಡಿ 5, ಊಟ 10. ಮನೆಯ ಡಬ್ಬಿಯನ್ನೂ ತಿಂದು ಅಲ್ಲಿಯೂ ತಿಂದ ದಿನಗಳ ಬಗ್ಗೆ ಹೆಂಡತಿಗೆ ಗೊತ್ತಿಲ್ಲ. ಈ ಲೇಖನ ಅವಳು ಓದುವುದಿಲ್ಲ ಎಂಬ ಧೈರ್ಯ.

ತರಕಾರಿಯ ವಿಚಾರಕ್ಕೆ ಬಂದರೆ ನನ್ನ ಮಾನ ಇನ್ನೂ ಕೆಳಗೆ. ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಸೊಪ್ಪಿನಜ್ಜಿಯ ಹತ್ತಿರ ದಂಟಿನ ಸೊಪ್ಪು ಕೇಳಿದ್ದೇನೆಂದು ನಾನು ತಿಳಿದಿರುತ್ತೇನೆ. ಮನೆಯೊಳಗೆ ಹೋದ ಮೇಲೆ ಅದು ಬೇರೆಯೇ ಏನೋ ಆಗಿರುತ್ತದೆ. ಅಜ್ಜಿ ಒಂದು ದಿನ ಕೆಳಗಿನಿಂದಲೇ ಕೂಗಿ ಹೇಳಿತು: “ಯಜಮಾನ್ರನ್ನ ಕಳಿಸಬೇಡ ಕಣವ್ವ. ನಿನ್ನ ಜೊತೆ ಆದ್ರೆ ಜಗಳ ಆಡಬೋದು. ಇವರ ಮುಖ ನೋಡಿದ್ರೆ ಪಾಪ ಅನ್ಸಿ ನನಗೇ ಲಾಸು.”

ಭಾನುವಾರ ಸಂಜೆ ಹೆಂಡತಿ ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತಾಳೆ. ಮೊದಲು ಬಸ್ ಚಾರ್ಜಿಗೆ ಉಳಿತಾಯವೆಲ್ಲ ಹೋಗುತ್ತಿತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ಟಿಲ್ಲ ಎಂದಾದ ಮೇಲೆ ನಮ್ಮ ಬೀದಿಗೆ ಮಾರ್ಕೆಟ್ಟು ಹತ್ತಿರವಾಯಿತು. ನಾನೂ ಬರುತ್ತೇನೆಂದರೆ, “ನೀವು ಬಂದ್ರೆ ಹೋಗ್ತಾ ಬರ್ತಾ ಟಿಕೆಟ್ಟಿಗೇ ಎರಡು ಕೆಜಿ ಟೊಮೆಟೊ ಹೋಯ್ತು” ಎನ್ನುತ್ತಾಳೆ. ಸಂಸಾರದಲ್ಲಿ ನನ್ನ ತೂಕ ಎರಡು ಕೆಜಿ ಟೊಮೆಟೊ. 2023ರ ಜುಲೈನಲ್ಲಿ, ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸು ಸಾವಿರಗಟ್ಟಲೆ ಹರಾಜಾಗಿ ನಮ್ಮಲ್ಲಿ ಕೆಜಿಗೆ ನೂರು ದಾಟಿದಾಗ ಮಾತ್ರ ಈ ಲೆಕ್ಕದಲ್ಲಿ ನನ್ನ ಬೆಲೆ ಕಾಲು ಕೆಜಿಗೆ ಇಳಿದಿತ್ತು.

ಆದರೂ ಅವರೆಕಾಯಿ ಕಾಲದಲ್ಲಿ ಚೀಲ ಹೊರಲು ನಾನು ಬೇಕು. ಹೊರಡುವ ಮೊದಲೇ ಅಪ್ಪಣೆ: ಇಸ್ತ್ರಿ ಶರಟು ಬೇಡ, ಜೇಬಿನ ಪೆನ್ನು ತೆಗೆದಿಡಿ. “ಪೆನ್ನು ನೋಡಿದ್ರೆ ಹತ್ತು ರೂಪಾಯಿ ಜಾಸ್ತಿ ಹೇಳ್ತಾರೆ.” ಅಲ್ಲಿ ನನ್ನನ್ನು ದೂರದ ಕಂಬಕ್ಕೊರಗಿ ನಿಲ್ಲಿಸಿ ಅವಳು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಮೊದಲು ಬೆಲೆ ಕೇಳುವುದಿಲ್ಲ. ಒಂದು ಹಿಡಿ ಅವರೆಕಾಯಿ ತೆಗೆದು ಎರಡೂ ಅಂಗೈ ನಡುವೆ ಉಜ್ಜಿ ಮೂಗಿಗೆ ಹಿಡಿಯುತ್ತಾಳೆ. ಸೊಗಡು ಕೈಗೆ ಅಂಟಿಕೊಂಡರೆ ಹೆಬ್ಬೆರಳಲ್ಲಿ ಸಿಪ್ಪೆ ಒತ್ತಿ ಕಾಳು ಎಣಿಸುತ್ತಾಳೆ. ಹುಳ ಕೊರೆದ ಸಣ್ಣ ತೂತನ್ನು ಆ ಬೀದಿದೀಪದ ಬೆಳಕಲ್ಲೂ ಕಾಣುತ್ತಾಳೆ. ಇಡೀ ದಿನ ಕಾಲರು ಹೊಲಿಯುವ ಕಣ್ಣು ಅದು. ಆಮೇಲೆ ಎದ್ದುಬಿಡುತ್ತಾಳೆ, ಬೇಡವೆನ್ನುವ ಹಾಗೆ. ಮಾರುವವನು ಕೂಗುತ್ತಾನೆ. ಹಿಂದಿರುಗಿ ನೋಡುವುದಿಲ್ಲ. ಅವನು ಇನ್ನೊಮ್ಮೆ, ಬೆಲೆ ಇಳಿಸಿ ಕೂಗುತ್ತಾನೆ. ಆಗ ನಾನು ಕಂಬದ ಹತ್ತಿರದಿಂದ, “ಇದು ಚೆನ್ನಾಗಿದೆ ಕಣೇ, ತಗೋ” ಎಂದು ಒಂದು ಸಲ ಕೂಗಿಬಿಟ್ಟೆ. ಮಾರುವವನು ನಕ್ಕು ಹಳೇ ಬೆಲೆಗೆ ವಾಪಸು ಹೋದ. ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದುಗಡೆ ನಿಂತೆ. ಟಿಕೆಟ್ ತೆಗೆದವರು ಆ ಬಸ್ಸಿನಲ್ಲಿ ನಾನೂ ಸೇರಿ ನಾಲ್ಕೈದು ಜನ.

ಇಷ್ಟಾಗಿಯೂ ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ನನ್ನ ವೃತ್ತಿಗೆ ತಕ್ಕ ಕೆಲಸವೊಂದು ಸಿಕ್ಕಿತು. ನಮ್ಮ ಬೀದಿಯಲ್ಲಿ ಹಬ್ಬದ ಚೀಟಿ ಇದೆ. ಕೆಳಗಿನ ಮನೆ ಅಕ್ಕ ವಾರವಾರ ದುಡ್ಡು ಕೂಡಿಸಿಕೊಂಡು, ಹಬ್ಬಕ್ಕೆ ಬೇಳೆ, ಬೆಲ್ಲ, ಎಣ್ಣೆ ಹಂಚಿ, ಮಾರನೇ ದಿನಕ್ಕೆ ಕುರಿ ಕೊಡಿಸುತ್ತಾರೆ. ಅಂಗಡಿಯ ಮಟನ್ ಬೆಲೆ ಕೇಳಿ ಮುಂದೆ ಹೋಗುವ ನಮ್ಮಂಥವರು ವರ್ಷಕ್ಕೊಮ್ಮೆ ನಿಂತು ಕೊಳ್ಳುವುದು ಹೀಗೇ. ಕುರಿ ಕಡಿದು, ಟಾರ್ಪಾಲಿನ ಮೇಲೆ ಗುಡ್ಡೆ ಹಾಕುತ್ತಾರೆ: ಪ್ರತಿ ಗುಡ್ಡೆಗೂ ಒಂದಿಷ್ಟು ತೊಡೆ, ಒಂದಿಷ್ಟು ಪಕ್ಕೆಲುಬು, ಚೂರು ಈಲಿ, ಚೂರು ಕೊಬ್ಬು. ಕಣ್ಣಂದಾಜೇ ತೂಕ. ಇದುವರೆಗೆ ಜಗಳವಾಗಿರಲಿಲ್ಲ.

“ಕಣ್ಣಂದಾಜು ಅಂದರೇನು ಅಕ್ಕಾ, ಒಂದು ಸಿಸ್ಟಂ ಬೇಡವಾ?” ಎಂದು ನಾನು ವರ್ಕ್‌ಶಾಪಿನ ಡಿಜಿಟಲ್ ತಕ್ಕಡಿ ತಂದು ಟಾರ್ಪಾಲಿನ ತಲೆಗಡೆ ಕೂತೆ. ಒಂದೊಂದು ಗುಡ್ಡೆಯನ್ನೂ ತೂಗಿ, ಹೆಚ್ಚಾದಲ್ಲಿ ತೆಗೆದು, ಕಡಿಮೆಯಾದಲ್ಲಿ ಹಾಕಿ, ಗ್ರಾಂ ಸಮೇತ ಸಮ ಮಾಡಿದೆ. ಬಿಸಿಲೇರಿತು. ತಂತಿಯ ಮೇಲೆ ಕಾಗೆಗಳು ಕೂಡಿದವು. ತೂಕ ಸಮವಾದ ಕೂಡಲೇ ಇಡೀ ಬೀದಿಗೆ ಅನುಮಾನ ಶುರುವಾಯಿತು. “ತೂಕ ಸಮ ಸರಿ, ಇದರಲ್ಲಿ ಮೂಳೆ ಎಷ್ಟು?” “ಈಲಿ ಆ ಗುಡ್ಡೇಲಿ ಯಾಕೆ ಜಾಸ್ತಿ?” “ಅದು ಅವರ ಪಕ್ಕದ ಮನೇದಲ್ವಾ, ಅದಕ್ಕೆ.” ಹಿಂದೆಂದೂ ಮೂಳೆ ಎಣಿಸದವರು ಎಣಿಸತೊಡಗಿದರು. ಕೊನೆಗೆ ಅಕ್ಕ ತಕ್ಕಡಿಯ ಸ್ವಿಚ್ಚು ಆರಿಸಿ, ಎಲ್ಲ ಗುಡ್ಡೆ ಒಂದು ಸಲ ಕಲೆಸಿ, ಕಣ್ಣಂದಾಜಿನಲ್ಲೇ ಮತ್ತೆ ಹಾಕಿಸಿದರು. ನನ್ನ ಮಗನನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿ, ಒಂದೊಂದಕ್ಕೂ ಕೈತೋರಿ, “ಇದು ಯಾರದು?” ಎಂದರು. ಅವನು ನೋಡದೆ ಒಂದೊಂದು ಮನೆ ಹೆಸರು ಹೇಳುತ್ತ ಹೋದ. ಯಾರೂ ಚಕಾರವೆತ್ತಲಿಲ್ಲ. ಕುರಿಯ ಕತ್ತಿನ ಮೂಳೆಯೆಲ್ಲ ಒಂದೇ ಕಡೆ ಸೇರಿದ್ದ ಗುಡ್ಡೆ ಬಂದಾಗ, “ಅದು ನಮ್ಮನೆಗೆ” ಎಂದು ಕೂಗಿದ, ನನ್ನ ರಕ್ತ.

ಹೆಂಡತಿ ಕವರು ಬಿಚ್ಚಿ ನೋಡಿದಳು. “ತೂಕ ಸರಿಯಾಗಿದೆಯಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆಳಗಿಳಿದು ಹೋಗಿ, ಮೂಳೆ ಸಾರು ಇಷ್ಟಪಡುವ ಎದುರು ಮನೆಯವರಿಗೆ ಅರ್ಧ ಕೊಟ್ಟು ತೊಡೆ ಮಾಂಸ ಇಸಕೊಂಡು ಬಂದಳು. ಮಸಾಲೆ ರುಬ್ಬಿಯಾಯಿತು, ಒಲೆ ಹಚ್ಚಿಯಾಯಿತು. ಎಣ್ಣೆ ಬಾಟಲಿ ಬಗ್ಗಿಸಿದರೆ ಮೂರೇ ತೊಟ್ಟು. “ಓಡಿ, ಓಡಿ” ಎಂದು ಕ್ವಾರ್ಟರ್ ಬಾಟಲಿ ಕೈಗಿತ್ತಳು.

ಓಡಿದೆ. ಅಂಗಡಿಯಣ್ಣನ ಪಾಲೂ ಅದೇ ಕುರಿಯಲ್ಲಿತ್ತಲ್ಲ, ಅವನ ಶಟರ್ ಎಳೆದಿತ್ತು. ಖಾಲಿ ಬಾಟಲಿ ಹಿಡಿದು, ಬೆವರೊರೆಸಿಕೊಳ್ಳುತ್ತ, ಶಟರ್ ಬಡಿಯುತ್ತ ನಿಂತಿದ್ದೆ. ಬೈಕಿನಲ್ಲಿ ಹೋಗುತ್ತಿದ್ದ ಅಪರಿಚಿತನೊಬ್ಬ ಬ್ರೇಕು ಹಾಕಿ ನನ್ನನ್ನೂ ಬಾಟಲಿಯನ್ನೂ ನೋಡಿದ.

“ಇಲ್ಲೆಲ್ಲಿ ಸಿಗುತ್ತೆ ಗುರು?” ಎಂದ. “ಹೊಸತೊಡಕು, ಎಲ್ಲಾ ಕಡೆ ರಶ್ಶು. ಹತ್ತು ಹಿಂದೆ, ರಿಂಗ್ ರೋಡಲ್ಲಿ ಒಂದು ಬಾರು ಓಪನ್ ಇದೆ.”